ಬೆಂಕಿಗಿಂತ ಬಿಸಿಯಾದ ನಾಲಿಗೆ!

ಪ್ರತಿವಾರ ಈ ಅಂಕಣದಲ್ಲಿ ತಾರೆಯರ ಕಥೆ ಓದುತ್ತೀರಿ. ಈ ವಾರ ಒಂದೇ ಒಂದು ಚಿತ್ರಕ್ಕೂ ಬಣ್ಣ ಹಚ್ಚದ, ಆದರೂ ಯಾವ ತಾರೆಗೂ ಕಮ್ಮಿಯಿಲ್ಲದಂತೆ ಕ್ಯಾಮರಾಗಳನ್ನು ಸುತ್ತ ನಿಲ್ಲಿಸಿಕೊಂಡಿದ್ದ ಒಬ್ಬಾಕೆಯ ಕಥೆ ಕೇಳಿ. ಹೆಸರು ಮೇಡಂ ನ್ಹೂ. ಊರು ಸೈಗಾನ್, ಆಗಿನ ದಕ್ಷಿಣ ವಿಯೆಟ್ನಾಮಿನ ರಾಜಧಾನಿ.

1924ರಲ್ಲಿ ಹನೋಯ್‌ನ ಸಿರಿವಂತ ಬೌದ್ಧ ಮನೆಯಲ್ಲಿ ಹುಟ್ಟು. ಮನೆಮಾತೇ ಫ್ರೆಂಚ್! 1943ರಲ್ಲಿ ನ್ಗೋ ದಿನ್ ನ್ಹೂ ಎಂಬಾತನನ್ನು ಮದುವೆಯಾಗಿ ಕ್ಯಾಥೊಲಿಕ್ ಆದರು. 1946ರ ಕೊನೆಗೆ ಯುದ್ಧ ಶುರು. ಹುಯೆ ನಗರದಲ್ಲಿ ಕಮ್ಯುನಿಸ್ಟ್ ಪಡೆಗಳು ಈಕೆಯನ್ನು ಹಿಡಿದೊಯ್ದವು. ಕಂಕುಳಲ್ಲಿ ಕೂಸು, ಪಕ್ಕದಲ್ಲಿ ಮುದಿ ಅತ್ತೆ, ತಿಂಗಳುಗಟ್ಟಲೆ ಸೆರೆವಾಸ. ಆ ಹೆಂಗಸಿನ ಗಟ್ಟಿತನ ಅಲ್ಲೇ ಹರಳುಗಟ್ಟಿತು ಅಂತ ನನ್ನ ಲೆಕ್ಕ.

1955ರಲ್ಲಿ ಭಾವ ದಿಯೆಮ್ ಅಧ್ಯಕ್ಷರಾದರು. ಅವರು ಬ್ರಹ್ಮಚಾರಿ. ಹಾಗಾಗಿ ಅರಮನೆಯ ಯಜಮಾನಿಕೆ ತಮ್ಮನ ಹೆಂಡತಿಯ ಪಾಲಾಯಿತು. ಸಾಲದ್ದಕ್ಕೆ ಶಾಸಕಿ ಬೇರೆ. ಗಂಡಸರು ಎರಡನೇ ಹೆಂಡತಿ ಕಟ್ಟಿಕೊಳ್ಳುವಂತಿಲ್ಲ ಎಂಬ ಕಾನೂನು ತಂದದ್ದು ಈಕೆ. ಭೇಷ್ ಅನ್ನೋಣ! ಆದರೆ ವಿಚ್ಛೇದನವೂ ಬಂದ್, 1962ರಲ್ಲಿ ಡ್ಯಾನ್ಸೂ ಬಂದ್, ಸೌಂದರ್ಯ ಸ್ಪರ್ಧೆಯೂ ಬಂದ್. ಊರಿಗೆಲ್ಲಾ ನೀತಿ ಹೇಳಿದಾಕೆ ತಾನು ಮಾತ್ರ ಕತ್ತು ಕಾಣುವ ಹೊಸ ಮಾದರಿಯ ಉಡುಪು ತೊಟ್ಟು ಮೆರೆದರು. ಜನ ಗೊಣಗದೆ ಇರುತ್ತಾರೆಯೇ? ಅದೇ ವರ್ಷ ಸ್ವಂತ ವಾಯುಪಡೆಯ ಇಬ್ಬರು ಪೈಲಟ್‌ಗಳು ಅರಮನೆಗೇ ಬಾಂಬ್ ಹಾಕಿದರು. ನೆಲ ಕುಸಿದು ಕೆಳಗಿನ ಮಹಡಿಗೆ ಬಿದ್ದರೂ ಆಕೆ ಬದುಕಿದರು.

ಬಂತು 1963. ಬೌದ್ಧರ ಮೇಲೆ ಸರ್ಕಾರದ ದಬ್ಬಾಳಿಕೆ. ಜೂನ್ 11ರಂದು ಥಿಚ್ ಕ್ವಾಂಗ್ ದುಕ್ ಎಂಬ ವಯಸ್ಸಾದ ಭಿಕ್ಷು ಸೈಗಾನಿನ ನಡುರಸ್ತೆಯಲ್ಲಿ ಪದ್ಮಾಸನ ಹಾಕಿ ಕೂತು ಬೆಂಕಿ ಹಚ್ಚಿಕೊಂಡರು. ಮಾಲ್ಕಮ್ ಬ್ರೌನ್ ತೆಗೆದ ಆ ಫೋಟೋ ನೋಡಿ ಜಗತ್ತೇ ಮೌನವಾಯಿತು. ಮೇಡಂ ಮೌನವಾಗಲಿಲ್ಲ. ಅದನ್ನು ಮಾಂಸ ಸುಡುವುದಕ್ಕೆ ಹೋಲಿಸಿದರು. ಇನ್ನೂ ಸುಟ್ಟುಕೊಳ್ಳಲಿ, ಚಪ್ಪಾಳೆ ತಟ್ಟುತ್ತೇವೆ ಅಂದುಬಿಟ್ಟರು! ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಆಗಸ್ಟ್‌ನಲ್ಲಿ, ಅಮೆರಿಕದಲ್ಲಿ ರಾಯಭಾರಿಯಾಗಿದ್ದ ಸ್ವಂತ ಅಪ್ಪನೇ ಸರ್ಕಾರವನ್ನು ಖಂಡಿಸಿ ರಾಜೀನಾಮೆ ಕೊಟ್ಟರು. ಅಕ್ಟೋಬರ್‌ನಲ್ಲಿ ಹಿರಿಮಗಳನ್ನು ಕಟ್ಟಿಕೊಂಡು ಅಮೆರಿಕ ಸುತ್ತಲು ಹೋದ ಮೇಡಂ ವಾಷಿಂಗ್ಟನ್ನಿನ ಅಪ್ಪನ ಮನೆ ಬಾಗಿಲು ತಟ್ಟಿದರು. ಬಾಗಿಲು ತೆರೆಯಲಿಲ್ಲ.

ಆಕೆ ಅಮೆರಿಕದಲ್ಲೇ ಇದ್ದಾಗ ನವೆಂಬರ್ 1ರಂದು ಸೈನ್ಯದ ದಂಗೆ. ಮರುದಿನ ಗಂಡ, ಭಾವ ಇಬ್ಬರೂ ಹೆಣ. ದಂಗೆಕೋರರಿಗೆ ಒಳಗಿಂದೊಳಗೇ ಹಸಿರು ದೀಪ ತೋರಿಸಿದ್ದು ಅದೇ ಅಮೆರಿಕ! ಇತ್ತ ಸೈಗಾನಿನಲ್ಲಿ ತ್ರುಂಗ್ ಸೋದರಿಯರೆಂಬ ವೀರವನಿತೆಯರ ಪ್ರತಿಮೆಯನ್ನು ಜನ ಕೆಡವಿದರು. ಅದರ ಮುಖ ಥೇಟ್ ಮೇಡಂನಂತೆಯೇ ಇದೆ ಅಂತ ಸಿಟ್ಟು. ಆಗ ಆಕೆಗೆ 39 ವರ್ಷ.

ಆಮೇಲೆ ತಾಯ್ನಾಡಿನ ಮುಖ ನೋಡಲಿಲ್ಲ. ರೋಮ್, ಪ್ಯಾರಿಸ್ ಎಂದು ಅಲೆದಾಟ. ಸೆರೆಯಲ್ಲಿ ಕಂಕುಳಲ್ಲಿದ್ದ ಅದೇ ಕೂಸು ಲೆ ಥುಯ್, 1967ರಲ್ಲಿ ಫ್ರಾನ್ಸಿನಲ್ಲಿ ಕಾರು ಅಪಘಾತಕ್ಕೆ ಬಲಿ. 1986ರಲ್ಲಿ ಅಪ್ಪ ಅಮ್ಮ ವಾಷಿಂಗ್ಟನ್ನಿನ ಮನೆಯಲ್ಲೇ ಕೊಲೆಯಾದರು. ಆರೋಪ ಬಂದದ್ದು ಒಡಹುಟ್ಟಿದ ತಮ್ಮನ ಮೇಲೆ. 2011ರ ಏಪ್ರಿಲ್ 24ರಂದು ರೋಮ್‌ನಲ್ಲಿ ಆಕೆ ಕಣ್ಣುಮುಚ್ಚಿದರು.

ಪಾಪ ಅನ್ನಬೇಕೋ, ಮಾಡಿದ್ದುಣ್ಣೋ ಮಹರಾಯ್ತಿ ಅನ್ನಬೇಕೋ? ಉರಿಯುವ ದೇಹವನ್ನು ಗೇಲಿ ಮಾಡಿದ್ದಕ್ಕೆ ನಾನಂತೂ ಮಾಫಿ ಕೊಡಲಾರೆ. ಆದರೆ ಒಂದು ಮಾತು. 1963ರ ಆಗಸ್ಟ್ 21ರ ನಡುರಾತ್ರಿ ಪಗೋಡಗಳಿಗೆ ನುಗ್ಗಿ ಭಿಕ್ಷುಗಳನ್ನು ಬಡಿದು ಎಳೆದೊಯ್ದದ್ದು ಗಂಡನ ಮಾತು ಕೇಳುತ್ತಿದ್ದ ವಿಶೇಷ ಪಡೆ. ಆ ಗಂಡನ ಹೆಸರು ಇವತ್ತು ಎಷ್ಟು ಜನಕ್ಕೆ ನೆನಪಿದೆ? ಹೆಂಡತಿಗೆ ಮಾತ್ರ 'ಡ್ರ್ಯಾಗನ್ ಲೇಡಿ' ಎಂಬ ಬಿರುದು ಶಾಶ್ವತ. ನಾಲಿಗೆ ಹರಿಬಿಟ್ಟವಳು ನೆನಪಿನಲ್ಲಿ ಉಳಿದಳು, ಲಾಠಿ ಬೀಸಿಸಿದವನು ಮರೆಗೆ ಸರಿದ. ಖಳನಾಯಕಿ ತೆರೆ ಮೇಲೆ ಬಂದ ಕೂಡಲೇ ಶಿಳ್ಳೆ ಹೊಡೆದು ಬೈಯುವ ನಾವು, ಅವಳ ಹಿಂದೆ ನಿಂತ ಗಂಡಸಿನ ಕೈಯಲ್ಲಿ ಏನಿದೆ ಅಂತಲೂ ಒಮ್ಮೆ ನೋಡಬೇಕಲ್ಲವೇ?

ಮುಂದಿನ ವಾರ ಮತ್ತೆ ಗಾಂಧಿನಗರಕ್ಕೆ ಬರೋಣ.