ಹಾರುವ ಮಕ್ಕಳ ತಯಾರಿ ಎಂಟನೇ ತರಗತಿಯಲ್ಲೇ ಶುರುವಾಗಲಿ

ಯಾದಗಿರಿ, ಶಹಾಪುರ, ಸುರಪುರದ ಪಾಲಕರಲ್ಲಿ, ಶಿಕ್ಷಕರಲ್ಲಿ, ವಿದ್ಯಾರ್ಥಿಗಳಲ್ಲಿ ವಿನಂತಿ



ಯುದ್ಧವಿಮಾನದ ಪೈಲಟ್‌ಗಳು ಹಾಕ್ ಜೆಟ್ ಮೇಲೆ ಪಳಗುವುದು ನಮ್ಮ ಕಲ್ಯಾಣ ಕರ್ನಾಟಕದ ಬೀದರ್‌ನಲ್ಲಿ. 2016ರಲ್ಲಿ ಅಧಿಕಾರಿಗಳಾದ ದೇಶದ ಮೊದಲ ಮೂವರು ಮಹಿಳಾ ಫೈಟರ್ ಪೈಲಟ್‌ಗಳು ಅವನಿ ಚತುರ್ವೇದಿ, ಭಾವನಾ ಕಂಠ್, ಮೋಹನಾ ಸಿಂಗ್ ಕಲಿತದ್ದೂ ಅಲ್ಲೇ. ದೇಶದ ಮೂಲೆಮೂಲೆಯ ಮಕ್ಕಳು ನಮ್ಮ ನೆಲಕ್ಕೆ ಬಂದು ಹಾರಾಟ ಕಲಿಯುತ್ತಾರೆ. ನಮ್ಮ ಮಕ್ಕಳಿಗೆ ಆ ದಾರಿಯೇ ಗೊತ್ತಿಲ್ಲ. ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಶಹಾಪುರ ತಾಲೂಕಿನ ಒಬ್ಬ ರೈತನ ಮಗ ಬಿ.ಎ. ಮುಗಿಸಿ ನನ್ನ ಹತ್ತಿರ ಬಂದ. "ಸರ್, ಪೈಲಟ್ ಆಗಬೇಕ್ರಿ" ಎಂದ. ಓಟದಲ್ಲಿ ಅವನನ್ನು ಹಿಡಿಯುವವರಿರಲಿಲ್ಲ. ಆದರೆ ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಓದದವರು ವಾಯುಪಡೆಯ ಹಾರಾಟ ಶಾಖೆಗೆ ಅರ್ಜಿಯನ್ನೇ ಹಾಕುವಂತಿಲ್ಲ. ಎಸ್ಸೆಸ್ಸೆಲ್ಸಿ ಮುಗಿದಾಗ ಈ ಒಂದು ಮಾತು ಅವನಿಗೆ ಯಾರೂ ಹೇಳಿರಲಿಲ್ಲ. ಅವನಿಗೆ ಪಾಠ ಹೇಳಿದ ನಾನೂ ಹೇಳಿರಲಿಲ್ಲ. ಈ ಕರಪತ್ರ ಅದಕ್ಕಾಗಿ.

ವಯಸ್ಸು ಕಾಯುವುದಿಲ್ಲ. ಪಿಯುಸಿ ಮುಗಿಸಿ ಸೇರುವ ಸೇನಾ ಅಕಾಡೆಮಿ ಎನ್‌ಡಿಎಗೆ 16½ರಿಂದ 19½ ವರ್ಷ. ಪದವಿ ನಂತರ ವಾಯುಪಡೆಯ ಪರೀಕ್ಷೆ ಎಎಫ್‌ಕ್ಯಾಟ್ ಮೂಲಕ ಹಾರಾಟ ಶಾಖೆಗೆ 20ರಿಂದ 24. ಎನ್‌ಡಿಎ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದ ಮಗುವಿಗೆ ಆ ಭಾಷೆ ಮೂರು ತಿಂಗಳ ಕೋಚಿಂಗ್‌ನಲ್ಲಿ ಬರುವುದಿಲ್ಲ.

ದೇಹಕ್ಕೂ ಅಳತೆ ಇದೆ. ಎತ್ತರ ಕನಿಷ್ಠ 162.5 ಸೆಂ.ಮೀ. ಗೋಡೆಗೆ ಬೆನ್ನು ಹಚ್ಚಿ ಕೂತು ಕಾಲು ಚಾಚಿದರೆ ಹಿಮ್ಮಡಿಯವರೆಗೆ 99ರಿಂದ 120 ಸೆಂ.ಮೀ. ಇರಬೇಕು. ಕನ್ನಡಕವಿಲ್ಲದೆ ಒಂದು ಕಣ್ಣು 6/6, ಇನ್ನೊಂದು 6/9 ಕಾಣಬೇಕು. ಬಣ್ಣದ ಗುರುತು ತಪ್ಪಬಾರದು.

ಎಲ್ಲಕ್ಕಿಂತ ಬಿಗಿಯಾದದ್ದು ಪೈಲಟ್ ಆಯ್ಕೆಯ ಕಂಪ್ಯೂಟರ್ ಪರೀಕ್ಷೆ. ಕೈಯಲ್ಲಿ ಜಾಯ್‌ಸ್ಟಿಕ್, ಕಾಲಡಿ ಪೆಡಲ್. ಪರದೆಯ ಮೇಲೆ ಓಡಾಡುವ ಗುರಿಯನ್ನು ಕೈ, ಕಾಲು, ಕಣ್ಣು ಒಟ್ಟಿಗೆ ಹಿಡಿಯಬೇಕು. ಇದರಲ್ಲಿ ತಪ್ಪಿದವರಿಗೆ ಎರಡನೇ ಸಲ ಇಲ್ಲ, ಜೀವಮಾನದಲ್ಲಿ ಒಂದೇ ಅವಕಾಶ. ಅಲ್ಲಿಗೆ ಹೋಗುವ ಮಗು ದಣಿದು, ಗಾಬರಿಬಿದ್ದು ಕೂರಬಾರದು.

"ನಮಗೆ 371(ಜೆ) ಇದೆಯಲ್ಲ?" ಎನ್ನುವವರಿದ್ದಾರೆ. ಸಂವಿಧಾನದ ಆ ಕಲಂ ಕಲ್ಯಾಣ ಕರ್ನಾಟಕಕ್ಕೆ ಕೊಡುವ ಮೀಸಲಾತಿ ರಾಜ್ಯದ ಹುದ್ದೆಗೆ, ಸೀಟಿಗೆ. ಸೇನಾಧಿಕಾರಿಗಳ ಆಯ್ಕೆಯಲ್ಲಿ ಯಾವ ಮೀಸಲಾತಿಯೂ ಇಲ್ಲ. ಅಲ್ಲಿ ನಮ್ಮ ಕೈಹಿಡಿಯುವುದು ಮುಂಚಿನ ತಯಾರಿ ಒಂದೇ.

ನಮ್ಮ ಕೇಳಿಕೆ:

1. ಎಂಟನೇ ತರಗತಿಯ ಪ್ರತಿ ಮಗುವಿನ ಕಣ್ಣು, ಬಣ್ಣದೃಷ್ಟಿ ಪರೀಕ್ಷೆ ಶಾಲೆಯಲ್ಲೇ ಆಗಲಿ.

2. ಪಿಯುಸಿಗೆ ಹೆಸರು ಹಚ್ಚುವ ಮೊದಲು ಗಣಿತ, ಭೌತಶಾಸ್ತ್ರದ ಮಾತನ್ನು ಶಿಕ್ಷಕರು ಪಾಲಕರನ್ನು ಕೂಡಿಸಿ ಹೇಳಲಿ.

3. ದಿನಕ್ಕೆ ಅರ್ಧ ತಾಸು ಇಂಗ್ಲಿಷ್ ಪತ್ರಿಕೆ ಗಟ್ಟಿಯಾಗಿ ಓದಿಸೋಣ, ಬೆಳಿಗ್ಗೆ ಓಡಿಸೋಣ.

4. 1963ರಿಂದ ಇರುವ ವಿಜಯಪುರ ಸೈನಿಕ ಶಾಲೆಯ ಪ್ರವೇಶ ಪರೀಕ್ಷೆ ಬರೆಸೋಣ.

5. ಮೂರೂ ಊರುಗಳಲ್ಲಿ ನಿವೃತ್ತ ಯೋಧರನ್ನು ಸೇರಿಸಿ ಜಿಲ್ಲಾಡಳಿತ ಉಚಿತ ತಯಾರಿ ಕೇಂದ್ರ ತೆರೆಯಲಿ.

ತಾಯಂದಿರೇ, ಹೆಣ್ಣುಮಕ್ಕಳನ್ನು ತಡೆಯಬೇಡಿ. ಚಿಕ್ಕಮಗಳೂರು ಜಿಲ್ಲೆಯ ಮೇಘನಾ ಶಾನಭಾಗ್ 2018ರಲ್ಲಿ ಫೈಟರ್ ಪೈಲಟ್ ಶಾಖೆಗೆ ಸೇರಿದರು. 2022ರಿಂದ ಎನ್‌ಡಿಎ ಬಾಗಿಲೂ ಹೆಣ್ಣುಮಕ್ಕಳಿಗೆ ತೆರೆದಿದೆ. ಬ್ರಿಟಿಷರಿಗೆ ಎದುರು ನಿಂತ ರಾಜಾ ವೆಂಕಟಪ್ಪ ನಾಯಕರ ನೆಲದಲ್ಲಿ ಧೈರ್ಯಕ್ಕೆ ಬರ ಇಲ್ಲ.

ಆ ರೈತನ ಮಗನ ತಂಗಿ ಈಗ ಒಂಬತ್ತನೇ ತರಗತಿ. ಮೊನ್ನೆ ಅವರ ಮನೆಗೆ ಹೋದಾಗ ಪಡಸಾಲೆಯ ಗೋಡೆಗೆ ಅವಳನ್ನು ಕೂಡಿಸಿ, ದರ್ಜಿಯ ಟೇಪು ಹಿಡಿದು, ಅವಳ ಕಾಲು ಅಳೆಯುತ್ತಿದ್ದವನು ಅವನೇ. ನಿಮ್ಮ ಮನೆಯಲ್ಲೂ ಇವತ್ತೇ ಟೇಪು ತೆಗೆಯಿರಿ.

ಇಂತಿ,
ನಿಮ್ಮ ಮಕ್ಕಳ ಒಬ್ಬ ಶಿಕ್ಷಕ

(ಓದಿದ ಮೇಲೆ ಪಕ್ಕದ ಮನೆಯವರಿಗೆ ಕೊಡಿ.)