ಮನಿಯಾರ್ಡರ್ ತಡೆದರೆ ಗಾಂಜಾ ನಿಲ್ಲುತ್ತದೆಯೇ?

ಜೈಲಿನ ಗಾಂಜಾ, ಮೊಬೈಲ್ ದಂಧೆಗೆ ಮನೆಯವರು ಕಳಿಸುವ ಹಣವೇ ಮೂಲ, ಅದನ್ನು ನಿಲ್ಲಿಸಿ ಎಂಬ ಲೇಖಕರೊಬ್ಬರ ವಾದ ಕೇಳಲು ಖಡಕ್ಕಾಗಿದೆ, ಒಳಗೆ ಮಾತ್ರ ಪೊಳ್ಳು. ಮನಿಯಾರ್ಡರಿನ ಹಣ ನಿಯಮದ ಪ್ರಕಾರ ಕೈದಿಯ ಕೈಗೆ ನೋಟಾಗಿ ಸೇರುವುದಿಲ್ಲ. ಅವನ ಹೆಸರಿನಲ್ಲಿ ಜಮೆಯಾಗಿ, ಕ್ಯಾಂಟೀನಿನಲ್ಲಿ ಮಿತಿಯೊಳಗೆ ಖರ್ಚಾಗುತ್ತದೆ. ಕಳಿಸಿದವರ ಹೆಸರು, ವಿಳಾಸ, ಮೊತ್ತ ಎಲ್ಲಕ್ಕೂ ದಾಖಲೆಯಿದೆ. ಗಾಂಜಾ ಮಾರುವವನು ಅಂಚೆ ರಸೀದಿ ಇಟ್ಟುಕೊಂಡು ವ್ಯಾಪಾರ ಮಾಡುತ್ತಾನೆಯೇ? ಅವನ ಲೆಕ್ಕ ಹೊರಗೇ ಚುಕ್ತಾ ಆಗುತ್ತದೆ. ಸರಕು ಒಳಬರಲು ಗೇಟಿನಲ್ಲಿ ಯಾರಾದರೂ ಕಣ್ಣು ಮುಚ್ಚಿದರೆ ಸಾಕು. ಲೆಕ್ಕವಿರುವ ದಾರಿ ಮುಚ್ಚಿದರೆ ಉಳಿಯುವುದು ಲಂಚದ ದಾರಿ.

ಇನ್ನು ಮನೆಯಿಂದ ಬರುವ ಈ ಹಣ ಯಾರಿಗೆ? 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಜನ ವಿಚಾರಣಾಧೀನರು. ಅವರ ಮೇಲಿನ ಆರೋಪ ಆಗಿನ್ನೂ ಸಾಬೀತಾಗಿರಲಿಲ್ಲ. ಕಠಿಣ ಶಿಕ್ಷೆಗೊಳಗಾದವರ ದುಡಿಮೆಗೆ ನ್ಯಾಯವಾದ ಕೂಲಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 1998ರಲ್ಲೇ ಹೇಳಿತು. ವಿಚಾರಣಾಧೀನರಲ್ಲಿ ಬಹುತೇಕರಿಗೆ ಆ ಸಂಪಾದನೆಯೂ ಇಲ್ಲ. ಸೋಪು, ಎಣ್ಣೆ, ಬಿಸ್ಕತ್ತಿಗೆ ಅವರು ಮನೆಯತ್ತಲೇ ನೋಡಬೇಕು. ಹಣವಂತ ಕೈದಿ ಒಳಗೂ ದೊರೆಯಾಗುತ್ತಾನೆ ಎಂಬ ಆಕ್ಷೇಪದಲ್ಲಿ ಹುರುಳಿದೆ, ಒಪ್ಪುತ್ತೇನೆ. ಅದಕ್ಕೆ ಖರ್ಚಿನ ಮಿತಿಯನ್ನು ಎಲ್ಲರಿಗೂ ಬಿಗಿಯಾಗಿ ಜಾರಿಮಾಡಿ, ಗತಿಯಿಲ್ಲದವರಿಗೆ ಸರ್ಕಾರವೇ ಸಾಮಾನು ಕೊಡಲಿ. ಕೂಲಿ ಮಾಡುವ ತಾಯಿ ಕಳಿಸಿದ ಇನ್ನೂರು ರೂಪಾಯಿ ವಾಪಸ್ ಮಾಡುವುದರಿಂದ ಯಾವ ದೊರೆಯೂ ಬಡವಾಗುವುದಿಲ್ಲ. ಲೇಖಕರು ಮೊದಲು ಗೇಟಿನ ತಪಾಸಣೆಯ ಬಗ್ಗೆ ಬರೆಯಲಿ.