ಹಿಡಿದ ಕೈ

ಮೈಸೂರಿನಲ್ಲಿ ಅಚ್ಚಾದ ಹಳೆಯ ಕನ್ನಡ ಪುಸ್ತಕಗಳ ಮೇಲೆ ‘ವೆಸ್ಲಿಯನ್ ಮಿಷನ್ ಪ್ರೆಸ್’ ಎಂಬ ಹೆಸರನ್ನು ನಮ್ಮ ವಾಚಕರಲ್ಲಿ ಹಲವರು ಕಂಡಿರಬಹುದು. ಆ ಹೆಸರು ಇಂಗ್ಲೆಂಡಿನ ಪಾದ್ರಿ ಜಾನ್ ವೆಸ್ಲಿಯಿಂದ ಬಂದುದು. ಊರಿಗೆಲ್ಲ ಧರ್ಮ ಬೋಧಿಸಿದ ಈತನಿಗೇ ‘ದೇವರು ನನ್ನನ್ನು ಒಪ್ಪಿಕೊಂಡಿರುವನೇ?’ ಎಂಬ ಅಳುಕು ಬಹುಕಾಲ ಬಿಟ್ಟಿರಲಿಲ್ಲ.

ಆಚರಣೆಯಲ್ಲಿ ಆತ ಸೋಮಾರಿಯೇನಲ್ಲ. ಆಕ್ಸ್‌ಫರ್ಡಿನಲ್ಲಿದ್ದಾಗ ಉಪವಾಸ, ಪ್ರಾರ್ಥನೆ, ಸೆರೆಮನೆಯ ಕೈದಿಗಳ ಸೇವೆ ಎಲ್ಲವನ್ನೂ ವ್ರತದಂತೆ ನಡೆಸಿದವನು. 1736ರ ಜನವರಿಯಲ್ಲಿ ಅಮೆರಿಕದ ಜಾರ್ಜಿಯಾಕ್ಕೆ ಹಡಗಿನಲ್ಲಿ ಹೋಗುತ್ತಿದ್ದಾಗ ಬಿರುಗಾಳಿ ಎದ್ದಿತು. ದೊಡ್ಡ ಹಾಯಿ ಹರಿದು ನೀರು ಒಳನುಗ್ಗಿತು. ಇಂಗ್ಲಿಷರು ಚೀರಿಟ್ಟರು. ಜೊತೆಯಲ್ಲಿದ್ದ ಮೊರೇವಿಯನ್ ಪಂಥದ ಜರ್ಮನರು ಮಾತ್ರ ತಮ್ಮ ಕೀರ್ತನೆಯನ್ನು ನಿಲ್ಲಿಸಲಿಲ್ಲ. ಹೆಂಗಸರು ಮಕ್ಕಳೂ ಹೆದರಲಿಲ್ಲವೇ ಎಂದು ವೆಸ್ಲಿ ಆಮೇಲೆ ಕೇಳಿದ. ಸಾವಿಗೆ ಅವರೂ ಅಂಜುವುದಿಲ್ಲವೆಂದು ಉತ್ತರ ಬಂದಿತು. ತನ್ನಲ್ಲಿ ಇಲ್ಲದ್ದೊಂದು ಅವರಲ್ಲಿದೆಯೆಂಬುದು ಅವನಿಗೆ ನಾಟಿತು.

1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ, ಪೌಲನು ರೋಮಾಪುರದವರಿಗೆ ಬರೆದ ಪತ್ರಕ್ಕೆ ಲೂಥರನ ಮುನ್ನುಡಿಯನ್ನು ಯಾರೋ ಓದುತ್ತಿದ್ದರು. ಕೇಳುತ್ತ ಕುಳಿತಿದ್ದ ವೆಸ್ಲಿಯ ಎದೆ ಬೆಚ್ಚಗಾಯಿತು. ಕ್ರಿಸ್ತನು ತನ್ನ ಪಾಪವನ್ನೂ ಕಳೆದಿರುವನೆಂಬ ಭರವಸೆ ಮೂಡಿತು.

ಕಥೆ ಇಲ್ಲಿಗೇ ಮುಗಿಯಲಿಲ್ಲ. ಆ ರಾತ್ರಿಯೇ ಮನಸ್ಸಿನ ತುಮುಲ ಮರಳಿತು. ಇಪ್ಪತ್ತೆಂಟು ವರ್ಷಗಳ ತರುವಾಯ, 1766ರಲ್ಲಿ, ತನಗೆ ದೇವರಲ್ಲಿ ಪ್ರೀತಿಯೇ ಇಲ್ಲವೆಂದು ತಮ್ಮನಾದ ಚಾರ್ಲ್ಸನಿಗೆ ಬರೆದು ತೋಡಿಕೊಂಡ. ಆದರೂ ಬೋಧನೆಯನ್ನು ಬಿಡಲಿಲ್ಲ. 1791ರಲ್ಲಿ ಕೊನೆಯುಸಿರೆಳೆಯುವ ಮುನ್ನ, ದೇವರು ನಮ್ಮೊಡನಿರುವುದೇ ಎಲ್ಲಕ್ಕಿಂತ ಮೇಲು ಎಂದನಂತೆ.

ಎದೆಯ ಬಿಸಿ ಏರುತ್ತದೆ, ಆರುತ್ತದೆ. ಭರವಸೆ ನಿಂತಿರುವುದು ಅದರ ಮೇಲಲ್ಲ. ಶ್ರೀವೈಷ್ಣವ ಹಿರಿಯರು ಎರಡು ಮರಿಗಳ ಮಾತು ಹೇಳುವುದುಂಟು: ಕಪಿಯ ಮರಿ ತಾನೇ ತಾಯಿಯನ್ನು ಅವುಚಿಕೊಳ್ಳಬೇಕು, ಬೆಕ್ಕಿನ ಮರಿಯನ್ನಾದರೋ ತಾಯಿಯೇ ಕಚ್ಚಿಕೊಂಡು ಒಯ್ಯುತ್ತದೆ. ಪೌಲನ ಆ ಪತ್ರದ ಎಂಟನೆಯ ಅಧ್ಯಾಯವನ್ನು ಓದಿದಾಗ ಈ ಬೆಕ್ಕಿನ ಮರಿ ನನಗೆ ನೆನಪಾಗುತ್ತದೆ. ಸಾವೂ ಕೂಡ ನಮ್ಮನ್ನು ದೇವರ ಪ್ರೀತಿಯಿಂದ ಅಗಲಿಸಲಾರದೆಂದು ಆತ ಅಲ್ಲಿ ಹೇಳುತ್ತಾನೆ.

ಹಾಗೆಂದು ಮನಬಂದಂತೆ ಬದುಕಬಹುದೆಂದು ವೆಸ್ಲಿ ಹೇಳಲಿಲ್ಲ. ಬೇಕೆಂದೇ ಕೈ ಕೊಡವಿಕೊಂಡವನು ದೂರವಾಗಬಹುದೆಂಬುದೇ ಅವನ ಮತ. ಆದರೆ ಕೈ ಕೊಡವಿಕೊಳ್ಳುವುದು ಬೇರೆ, ಕೈ ಸೋಲುವುದು ಬೇರೆ. ಪರಸ್ಥಳದ ಆಸ್ಪತ್ರೆಯಲ್ಲಿ ಮಲಗಿ, ‘ಪ್ರಾರ್ಥನೆಗೂ ಮನಸ್ಸು ಬಾರದು, ದೇವರು ನನ್ನನ್ನು ಬಿಟ್ಟನೇನೋ’ ಎಂದು ಕೊರಗುವ ಕ್ರೈಸ್ತ ಬಂಧುವೊಬ್ಬರು ನಿಮ್ಮ ನೆರೆಯಲ್ಲಿದ್ದರೆ, ಹಣ್ಣಿನ ಜೊತೆಗೆ ಈ ಮಾತನ್ನೂ ಒಯ್ಯಿರಿ: ಸೋತಿರುವುದು ನಿಮ್ಮ ಕೈ, ಅವನದಲ್ಲ.